ವಿಷದ ಜಾಡು ಹಿಡಿಯುವುದು ಹೇಗೆ?

ಜಪಾನಿನ ಮಿನಮಾಟ ಎಂಬ ಕಡಲೂರಿನಲ್ಲಿ 1950ರ ದಶಕದಲ್ಲಿ ಬೆಕ್ಕುಗಳು ವಿಚಿತ್ರವಾಗಿ ಆಡತೊಡಗಿದವು. ಕಾಲು ತಡವರಿಸುತ್ತಿದ್ದವು, ಇದ್ದಲ್ಲೇ ಸುತ್ತು ಹೊಡೆಯುತ್ತಿದ್ದವು, ಮೈ ಸೆಟೆದು ಸಾಯುತ್ತಿದ್ದವು. ಕಾಗೆಗಳು ಹಾರುತ್ತಿದ್ದಂತೆಯೇ ಕೆಳಗೆ ಬೀಳುತ್ತಿದ್ದವು. ಜನ ಅದನ್ನು ‘ಕುಣಿಯುವ ಬೆಕ್ಕಿನ ರೋಗ’ ಎಂದು ಕರೆದರು. 1956ರ ಮೇ 1ರಂದು ಅಲ್ಲಿನ ಆಸ್ಪತ್ರೆಯೊಂದು ಅಧಿಕಾರಿಗಳಿಗೆ ವರದಿ ಕೊಟ್ಟಿತು. ಈ ಸಲ ಕಾಯಿಲೆ ಬಿದ್ದದ್ದು ಬೆಕ್ಕಲ್ಲ, ಪುಟ್ಟ ಹುಡುಗಿಯರು. ಅವರಿಗೆ ನಡೆಯಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು.

ಕೊಲ್ಲಿಯ ದಡದ ರಾಸಾಯನಿಕ ಕಾರ್ಖಾನೆಯೊಂದು ಪಾದರಸ ಬೆರೆತ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಅದು ಮೀನು, ಚಿಪ್ಪುಗಳ ಮೈ ಸೇರಿತ್ತು. ಬೆಕ್ಕು ಮತ್ತು ಮಗು ಒಂದೇ ಕಡಲಿನ ಮೀನು ತಿಂದಿದ್ದವು. ಸರ್ಕಾರ ಕಾರಣವನ್ನು ಒಪ್ಪಿಕೊಂಡಿದ್ದು 1968ರಲ್ಲಿ. ಅಂದರೆ 12 ವರ್ಷದ ನಂತರ.

ವಿಷ ಎಲ್ಲಿ ಬಿತ್ತು ಎಂಬುದನ್ನು ಎಲ್ಲರೂ ಕೇಳುತ್ತಾರೆ. ಬಿದ್ದ ಮೇಲೆ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಆ ದಾರಿಯಲ್ಲೇ ಪ್ರಾಣಿಗಳೂ ಸಿಗುತ್ತವೆ, ನಾವೂ ಸಿಗುತ್ತೇವೆ. ಮುಂದೆ ಯಾವುದಾದರೂ ರಾಸಾಯನಿಕದ ಹೆಸರು ಸುದ್ದಿಯಲ್ಲಿ ಕಂಡಾಗ ಸುಮ್ನೆ ಹೆದರಬೇಡಿ, ಸುಮ್ನೆ ಪುಟ ತಿರುಗಿಸಲೂ ಬೇಡಿ. ಒಂದು ಹಾಳೆ, ಪೆನ್ಸಿಲ್ ತೆಗೆದುಕೊಂಡು ಅದರ ಜಾಡು ಬರೆಯಿರಿ.

ಹೆಜ್ಜೆ 1: ಅದು ಯಾವುದನ್ನು ಹತ್ತಿಕೊಂಡು ಹೊರಟಿತು?

ಹೊಗೆಯಾದರೆ ಗಾಳಿ, ಚರಂಡಿಯಾದರೆ ನೀರು. ಇಷ್ಟು ಸುಲಭವಾಗಿ ಗೊತ್ತಾಗುತ್ತದೆ. ಆದರೆ ಕೆಲವು ವಿಷಗಳು ದಾರಿಯಲ್ಲಿ ಗಾಡಿ ಬದಲಿಸುತ್ತವೆ. ಹಳೆಯ ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆಯಲ್ಲಿ ಬಳಸುತ್ತಿದ್ದ ಪಿಸಿಬಿ ಎಂಬ ರಾಸಾಯನಿಕಗಳನ್ನು ನೋಡಿ. ಬೆಚ್ಚಗಿನ ಜಾಗದಲ್ಲಿ ಅವು ಆವಿಯಾಗಿ ಮೇಲೇಳುತ್ತವೆ. ತಣ್ಣಗಿನ ಜಾಗ ಸಿಕ್ಕರೆ ಕೆಳಗೆ ಇಳಿಯುತ್ತವೆ. ಮತ್ತೆ ಬಿಸಿಲು ಬಂದರೆ ಮತ್ತೆ ಏಳುತ್ತವೆ. ಮಿಡತೆಯ ಹಾಗೆ ಜಿಗಿಯುತ್ತಾ ಜಿಗಿಯುತ್ತಾ ಉತ್ತರ ಧ್ರುವದ ಕಡೆಗೆ ಹೋಗಿ ಸೇರುತ್ತವೆ. ಕಾರ್ಖಾನೆಯನ್ನೇ ಕಾಣದ ಹಿಮಕರಡಿಯ ಕೊಬ್ಬಿನಲ್ಲಿ ಪಿಸಿಬಿ ಸಿಗುವುದು ಹೀಗೆ. ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ತಾಯಂದಿರ ಎದೆಹಾಲಿನಲ್ಲೂ ಅದು ಸಿಕ್ಕಿತು, ದಕ್ಷಿಣ ಕೆನಡಾದ ತಾಯಂದಿರ ಹಾಲಿಗಿಂತ ಜಾಸ್ತಿಯಾಗಿ. ಆ ವಿಷವನ್ನು ತಯಾರಿಸಿದವರು ಅವರಲ್ಲ, ಅದರಿಂದ ಲಾಭ ಪಡೆದವರೂ ಅವರಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಹೆಜ್ಜೆ 2: ಅದು ಒಡೆಯುತ್ತದೆಯೇ?

ಎಷ್ಟೋ ರಾಸಾಯನಿಕಗಳು ಬಿಸಿಲು ಮತ್ತು ಬ್ಯಾಕ್ಟೀರಿಯಾದ ಕೈಗೆ ಸಿಕ್ಕಿ ಕೆಲವೇ ದಿನಗಳಲ್ಲಿ ಒಡೆದುಹೋಗುತ್ತವೆ. ಸೀಸ, ಪಾದರಸ, ಕ್ಯಾಡ್ಮಿಯಂ ಒಡೆಯುವುದೇ ಇಲ್ಲ. ಅವು ಮೂಲವಸ್ತುಗಳು, ಒಡೆಯಲು ಅವುಗಳಲ್ಲಿ ಏನೂ ಉಳಿದಿಲ್ಲ.

ಒಡೆದರೂ, ರೂಪ ಬದಲಿಸಿದರೂ ನಿರಾಳವಾಗಬೇಡಿ. ಬದಲಾಗಿ ಏನಾಯಿತು ಎಂದು ಕೇಳಿ. ಕೆಸರಿನಲ್ಲಿ, ಆಮ್ಲಜನಕ ಇಲ್ಲದ ಕಡೆ, ಬ್ಯಾಕ್ಟೀರಿಯಾಗಳು ಸಾದಾ ಪಾದರಸವನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಮೊದಲಿನದಕ್ಕಿಂತ ಇದು ಮೈಗೆ ಬಹಳ ಬೇಗ ಹತ್ತುತ್ತದೆ, ಮೆದುಳಿಗೂ ಹೋಗುತ್ತದೆ. ಡಿಡಿಟಿ ಎಂಬ ಕೀಟನಾಶಕ ಡಿಡಿಇ ಆಗುತ್ತದೆ. ಹಕ್ಕಿಗಳ ಮೊಟ್ಟೆಗೆ ಕುತ್ತು ತಂದದ್ದು ಮುಖ್ಯವಾಗಿ ಈ ಡಿಡಿಇ.

ಹೆಜ್ಜೆ 3: ಮೈಯೊಳಗೆ ಎಲ್ಲಿ ಕೂರುತ್ತದೆ?

ನೀರಿನಲ್ಲಿ ಕರಗುವುದನ್ನು ಮೂತ್ರಪಿಂಡ ಸಾಮಾನ್ಯವಾಗಿ ಹೊರಗೆ ಹಾಕುತ್ತದೆ. ಕೊಬ್ಬಿನಲ್ಲಿ ಕರಗುವುದು ಕೊಬ್ಬಿನಲ್ಲೇ ಮನೆ ಮಾಡುತ್ತದೆ. ಡಿಡಿಟಿ, ಪಿಸಿಬಿ, ಡಯಾಕ್ಸಿನ್‌ಗಳೆಲ್ಲ ಈ ಜಾತಿಯವು.

ಮೀಥೈಲ್ ಪಾದರಸದ ಕತೆ ಬೇರೆ. ಅದು ಪ್ರೋಟೀನಿಗೆ ಅಂಟಿಕೊಂಡು ಮಾಂಸಖಂಡದಲ್ಲಿ ಕೂರುತ್ತದೆ. ಮೀನಿನ ಕೊಬ್ಬು ತೆಗೆದರೂ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ.

ಸೀಸವಂತೂ ವೇಷ ಹಾಕಿಕೊಂಡು ಬರುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದುಕೊಂಡು ಮೂಳೆಯೊಳಗೆ ಬಿಟ್ಟುಕೊಳ್ಳುತ್ತದೆ. ಅಲ್ಲಿ ದಶಕಗಳ ಕಾಲ ಇರುತ್ತದೆ. ಹೆಣ್ಣು ಬಸುರಿಯಾದಾಗ ಮಗುವಿಗೆ ಬೇಕಾದ ಕ್ಯಾಲ್ಸಿಯಂ ಮೂಳೆಯಿಂದ ಕರಗಿ ರಕ್ತಕ್ಕೆ ಬರುತ್ತದೆ, ಅದರ ಜೊತೆ ಸೀಸವೂ ಬರುತ್ತದೆ. ತಾಯಿ ತಾನು ಚಿಕ್ಕವಳಿದ್ದಾಗ ನುಂಗಿದ ಧೂಳು ಹುಟ್ಟುವ ಮಗುವನ್ನು ಮುಟ್ಟುತ್ತದೆ.

ಹೆಜ್ಜೆ 4: ಯಾರು ಯಾರನ್ನು ತಿನ್ನುತ್ತಾರೆ? ಏಣಿ ಬರೆಯಿರಿ

ಹಾಳೆಯ ಕೆಳಗೆ ನೀರು. ಅದರ ಮೇಲೆ ನೀರಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳಾದ ಪ್ಲಾಂಕ್ಟನ್. ಆಮೇಲೆ ಸಣ್ಣ ಮೀನು, ದೊಡ್ಡ ಮೀನು, ಮೀನು ತಿನ್ನುವ ಹಕ್ಕಿ. ಈಗ ಬಾಣ ಎಳೆಯಿರಿ. ಸಣ್ಣ ಮೀನು ತನ್ನ ಜೀವಮಾನದಲ್ಲಿ ಲೆಕ್ಕವಿಲ್ಲದಷ್ಟು ಪ್ಲಾಂಕ್ಟನ್ ತಿನ್ನುತ್ತದೆ. ಆಹಾರ ಕರಗಿ ಶಕ್ತಿಯಾಗುತ್ತದೆ, ವಿಷ ಮಾತ್ರ ಕರಗದೆ ಉಳಿಯುತ್ತದೆ. ಆ ಮೀನುಗಳನ್ನು ದೊಡ್ಡ ಮೀನು ತಿಂದರೆ ಅಷ್ಟೂ ಮೀನುಗಳ ಉಳಿಕೆ ಒಂದೇ ಹೊಟ್ಟೆಗೆ ಬಂತು, ಅಲ್ವಾ?

ಅಮೆರಿಕದ ಲಾಂಗ್ ಐಲ್ಯಾಂಡ್‌ನ ಅಳಿವೆಯಲ್ಲಿ ವಿಜ್ಞಾನಿಗಳು ಇದನ್ನು ಅಳೆದರು. 1967ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಪ್ಲಾಂಕ್ಟನ್‌ನಲ್ಲಿದ್ದ ಡಿಡಿಟಿ 0.04 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 0.04 ಪಾಲು. ಮೀನು ತಿನ್ನುವ ಕೆಲವು ಹಕ್ಕಿಗಳಲ್ಲಿ ಅದು 20 ಪಿಪಿಎಂ ದಾಟಿತ್ತು. ಐನೂರು ಪಟ್ಟಿಗೂ ಜಾಸ್ತಿ.

ಈ ಏಣಿಯ ತುದಿಯಲ್ಲಿದ್ದ ಹಕ್ಕಿಗಳು ಸತ್ತು ಬೀಳಲಿಲ್ಲ, ಅದಕ್ಕೇ ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಹಕ್ಕಿ ಚೆನ್ನಾಗಿಯೇ ಇತ್ತು. ಮೊಟ್ಟೆಯನ್ನೂ ಇಟ್ಟಿತು. ಕಾವಿಗೆ ಕೂತಾಗ ಮೊಟ್ಟೆ ಅದರ ಭಾರಕ್ಕೆ ಒಡೆಯಿತು. ಡಿಡಿಇ ಚಿಪ್ಪಿಗೆ ಕ್ಯಾಲ್ಸಿಯಂ ಹೋಗುವ ದಾರಿಗೆ ಅಡ್ಡ ಬಂದು ಚಿಪ್ಪನ್ನು ತೆಳುವಾಗಿಸಿತ್ತು. ಬ್ರಿಟನ್ನಿನ ವಿಜ್ಞಾನಿ ಡೆರೆಕ್ ರಾಟ್‌ಕ್ಲಿಫ್ ಸಂಗ್ರಹಗಳಲ್ಲಿದ್ದ ಹಳೆಯ ಚಿಪ್ಪುಗಳನ್ನು ಹೊಸವುಗಳ ಜೊತೆ ಹೋಲಿಸಿ 1967ರಲ್ಲಿ ಇದನ್ನು ತೋರಿಸಿದರು. ಅಲಾಸ್ಕವನ್ನು ಬಿಟ್ಟು ಅಮೆರಿಕದ ಮುಖ್ಯ ಭೂಭಾಗದಲ್ಲಿ ಬೋಳು ಹದ್ದಿನ ಗೂಡು ಕಟ್ಟುವ ಜೋಡಿಗಳು 1963ರಲ್ಲಿ 417ಕ್ಕೆ ಇಳಿದಿದ್ದವು. ಅಲ್ಲಿ 1972ರಲ್ಲಿ ಡಿಡಿಟಿ ನಿಷೇಧವಾಯಿತು. 2007ರ ಹೊತ್ತಿಗೆ ಜೋಡಿಗಳು ಸುಮಾರು 10 ಸಾವಿರಕ್ಕೆ ಏರಿದವು.

ಏಣಿಗೆ ಇನ್ನೂ ಒಂದು ಮೆಟ್ಟಿಲಿದೆ, ಬರೆಯುವಾಗ ಅದನ್ನು ಮರೆಯುವವರೇ ಜಾಸ್ತಿ. ಓರ್ಕಾ ತಿಮಿಂಗಿಲದ ಗಂಡಿನ ಮೈಯಲ್ಲಿ ಪಿಸಿಬಿ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುತ್ತದೆ. ಹೆಣ್ಣಿನಲ್ಲಿ ಮರಿ ಹಾಕಿದ ಮೇಲೆ ಇಳಿಯುತ್ತದೆ. ಇಳಿದದ್ದು ಎಲ್ಲಿಗೆ ಹೋಯಿತು? ಕೊಬ್ಬು ತುಂಬಿದ ಹಾಲಿನ ಮೂಲಕ ಮರಿಗೆ. ಮೊದಲ ಮರಿಗೆ ಎಲ್ಲಕ್ಕಿಂತ ಹೆಚ್ಚು. ಹಾಲು ಕುಡಿಯುವ ಮರಿ ಏಣಿಯಲ್ಲಿ ತಾಯಿಗಿಂತಲೂ ಒಂದು ಮೆಟ್ಟಿಲು ಮೇಲಿರುತ್ತದೆ. ಇದನ್ನು ಓದಿ ಯಾವ ತಾಯಿಯೂ ಎದೆಹಾಲು ನಿಲ್ಲಿಸಬಾರದು. ಮಗುವಿಗೆ ಅದರ ಒಳಿತು ಬಹಳ ದೊಡ್ಡದು. ನಿಲ್ಲಿಸಬೇಕಾದದ್ದು ಏಣಿಯ ಬುಡದಲ್ಲಿ ಸುರಿಯುವುದನ್ನು.

ಹೆಜ್ಜೆ 5: ಎಷ್ಟು, ಯಾರಿಗೆ, ಯಾವ ವಯಸ್ಸಿನಲ್ಲಿ?

ಪ್ರಮಾಣ ಮುಖ್ಯ, ನಿಜ. ಆದರೆ ಸಮಯ ಅಷ್ಟೇ ಮುಖ್ಯ. ಮಿನಮಾಟದಲ್ಲಿ ತಾಯಿಗೆ ಅಂಥ ತೊಂದರೆ ಕಾಣದಿದ್ದರೂ ಹುಟ್ಟಿದ ಮಗುವಿನ ಮೆದುಳು ಹಾಳಾಗಿದ್ದ ಮನೆಗಳಿದ್ದವು. ಗರ್ಭದಲ್ಲಿ ತಾಯಿ ಮತ್ತು ಮಗುವಿನ ನಡುವೆ ಇರುವ ಮಾಸು (ಪ್ಲಾಸೆಂಟಾ) ವಿಷವನ್ನು ತಡೆಯುತ್ತದೆ ಎಂದು ಆಗ ವೈದ್ಯರು ನಂಬಿದ್ದರು. ಮೀಥೈಲ್ ಪಾದರಸ ಅದನ್ನು ದಾಟಿತ್ತು.

ಸೀಸಕ್ಕೂ ಹೀಗೇ. ನುಂಗಿದ ಸೀಸದಲ್ಲಿ ಮಕ್ಕಳ ದೇಹ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚು ಹೀರಿಕೊಳ್ಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳು ನೆಲದ ಮೇಲೆ ಆಡಿ ಕೈ ಬಾಯಿಗಿಡುತ್ತಾರೆ, ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಸೀಸದ ವಿಷಯದಲ್ಲಿ ಇಷ್ಟಾದರೆ ಪರವಾಗಿಲ್ಲ ಎನ್ನುವ ಮಟ್ಟ ಯಾವುದೂ ಗೊತ್ತಾಗಿಲ್ಲ.

ಹಾರ್ಮೋನಿನ ಕೆಲಸ ಕೆಡಿಸುವ ವಿಷಗಳಿಗೆ ಬಹಳ ಕಡಿಮೆ ಸಾಕು. ಹಡಗಿನ ತಳಕ್ಕೆ ಪಾಚಿ, ಚಿಪ್ಪು ಅಂಟದಿರಲಿ ಎಂದು ಟಿಬಿಟಿ ಎಂಬ ರಾಸಾಯನಿಕ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಒಂದು ಲೀಟರ್ ನೀರಿಗೆ ಟಿಬಿಟಿ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು ಬೆರೆತರೂ ಡಾಗ್‌ವೆಲ್ಕ್ ಎಂಬ ಹೆಣ್ಣು ಕಡಲ ಬಸವನಹುಳುವಿಗೆ ಗಂಡಿನ ಅಂಗ ಬೆಳೆಯತೊಡಗುತ್ತದೆ. ಹೆಚ್ಚಾದರೆ ಮೊಟ್ಟೆಯ ದಾರಿಯೇ ಮುಚ್ಚಿಹೋಗುತ್ತದೆ. ಹಡಗುಗಳ ಮೇಲೆ ಅದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು.

ಹೆಜ್ಜೆ 6: ಪ್ರಾಣಿ ಹೋದ ಮೇಲೆ ಅದರ ಕೆಲಸ ಯಾರು ಮಾಡುತ್ತಾರೆ?

ಈ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯನ್ನೇ ತೆಗೆದುಕೊಳ್ಳಿ. ಅದು ಬೇಗ ಒಡೆಯುತ್ತದೆ. ಕೊಬ್ಬಿನಲ್ಲಿ ಕೂತು ವರ್ಷಗಟ್ಟಲೆ ಕಾಯುವುದಿಲ್ಲ. ಏಣಿ ಹತ್ತುವುದೂ ಇಲ್ಲ. ಎರಡರಿಂದ ನಾಲ್ಕನೇ ಹೆಜ್ಜೆಯವರೆಗೆ ಅದು ಪಾಸು. ಮನುಷ್ಯರಿಗೂ ಇದೇ ಔಷಧಿ ಕೊಡುತ್ತಾರೆ.

ಭಾರತದಲ್ಲಿ ಇದನ್ನು ದನಗಳಿಗೆ ಕೊಡತೊಡಗಿದರು. ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ಸತ್ತ ದನವನ್ನು ರಣಹದ್ದುಗಳು ತಿಂದವು. ಅವುಗಳ ಮೂತ್ರಪಿಂಡ ನಿಂತುಹೋಯಿತು, ಒಳಗಿನ ಅಂಗಗಳ ಮೇಲೆ ಯೂರಿಕ್ ಆಮ್ಲ ಸುಣ್ಣ ಬಳಿದ ಹಾಗೆ ಕೂತಿತು. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದುಗಳು ಶೇ 99.9ರಷ್ಟು ಇಲ್ಲವಾದವು. ಸಾವಿರ ಇದ್ದ ಕಡೆ ಒಂದು. ಕಾರಣ ಗೊತ್ತಾಗಿದ್ದು 2004ರಲ್ಲಿ. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು.

ರಣಹದ್ದು ಹೋದರೆ ಮನುಷ್ಯರಿಗೇನು? ಸತ್ತ ದನಗಳು ಕೊಳೆಯುತ್ತಾ ಬಿದ್ದವು. ಬೀದಿನಾಯಿಗಳು ಹೆಚ್ಚಿದವು, ರೇಬೀಸ್ ಭಯವೂ ಹೆಚ್ಚಿತು, ನೀರು ಕೆಟ್ಟಿತು. 2000–2005ರ ನಡುವೆ ಇದರಿಂದ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳಾದವು ಎಂದು ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂದಾಜು ಮಾಡಿದ್ದಾರೆ. ಈ ಜನರ ಮೈಯಲ್ಲಿ ಡೈಕ್ಲೋಫೆನಾಕ್ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ವಿಷ ಅವರನ್ನು ಮುಟ್ಟಿಯೇ ಇರಲಿಲ್ಲ.

ಹೆಜ್ಜೆ 7: ಜಾಡನ್ನು ಎಲ್ಲಿ ಕಡಿಯಬಹುದು?

ಈಗ ನಿಮ್ಮ ಹಾಳೆ ನೋಡಿ. ಕಡಿಯಲು ಸುಲಭವಾದ ಜಾಗ ಯಾವಾಗಲೂ ಮೊದಲ ಬಾಣ. ಪೆಟ್ರೋಲಿನಿಂದ ಸೀಸ ತೆಗೆದದ್ದು ಅಲ್ಲೇ. ಕಾರುಗಳಿಗೆ ಅದನ್ನು ಮಾರುವುದನ್ನು 2021ರಲ್ಲಿ ಅಲ್ಜೀರಿಯ ನಿಲ್ಲಿಸಿತು. ಹಾಗೆ ನಿಲ್ಲಿಸಿದ ಕೊನೆಯ ದೇಶ ಅದು. ಇಂಥ ದೊಡ್ಡ ಕೆಲಸ ಕಾನೂನಿನಿಂದಲೇ ಆಗಬೇಕು. ಅದನ್ನು ಕೇಳುವುದು ನಮ್ಮ ಪಾಲಿನದು.

ಮನೆಯಲ್ಲಿ ಹೊರಡುವ ಬಾಣಗಳೂ ಇವೆ. ಉಳಿದ ಮಾತ್ರೆಗಳನ್ನು, ಕೀಟನಾಶಕವನ್ನು ಸಿಂಕಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಸುಡಬೇಡಿ, ಕೆಲವು ಬಗೆಯ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತದೆ. ಬ್ಯಾಟರಿಗಳನ್ನು ಬೇರೆ ಡಬ್ಬದಲ್ಲಿ ಕೂಡಿಟ್ಟು ಇ-ತ್ಯಾಜ್ಯಕ್ಕೆ ಕೊಡಿ. ಹಳೆಯ ಗೋಡೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬೇಡಿ, ಒದ್ದೆ ಮಾಡಿ ತೆಗೆಯಿರಿ, ಮಕ್ಕಳನ್ನು ದೂರ ಇಡಿ. ಪಾದರಸದ ಥರ್ಮಾಮೀಟರ್ ಒಡೆದರೆ ಕಿಟಕಿ ತೆರೆಯಿರಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಎರಡೂ ಬೇಡ, ಅವು ಹನಿಗಳನ್ನು ಇನ್ನಷ್ಟು ಚಿಕ್ಕದು ಮಾಡಿ ಹರಡುತ್ತವೆ. ಕೈಗವಸು ಹಾಕಿಕೊಂಡು ಎರಡು ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಗೂಡಿಸಿ, ಮುಚ್ಚಳವಿರುವ ಬಾಟಲಿಗೆ ಹಾಕಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಬಸುರಿಯರು, ಚಿಕ್ಕ ಮಕ್ಕಳು ಮೀನು ಬಿಡಬೇಕಾಗಿಲ್ಲ. ಏಣಿಯ ತುದಿಯ ಶಾರ್ಕ್, ಕತ್ತಿಮೀನುಗಳ ಬದಲು ಕೆಳಗಿನ ಮೆಟ್ಟಿಲಿನ ಸಣ್ಣ ಮೀನು ತಿಂದರೆ ಪಾದರಸ ಬಹಳ ಕಡಿಮೆ.

ಕೆರೆಯ ದಡದಲ್ಲಿ ಒಟ್ಟಿಗೆ ಸತ್ತ ಮೀನುಗಳು ಕಂಡರೆ, ಹಕ್ಕಿಗಳು ಗುಂಪಾಗಿ ಬಿದ್ದಿದ್ದರೆ, ಬರಿಗೈಯಲ್ಲಿ ಮುಟ್ಟಬೇಡಿ. ದಿನ, ಹೊತ್ತು, ಜಾಗ ಬರೆದುಕೊಳ್ಳಿ. ಫೋಟೊ ತೆಗೆಯಿರಿ. ನೀರಿನ ಬಣ್ಣ, ವಾಸನೆ ಗಮನಿಸಿ. ಮಾಲಿನ್ಯ ನೋಡಿಕೊಳ್ಳುವ ಕಚೇರಿಗೆ ಅವತ್ತೇ ತಿಳಿಸಿ, ಬರವಣಿಗೆಯಲ್ಲೇ ತಿಳಿಸಿ. ಆ ಸುತ್ತಮುತ್ತ ನಾಯಿ, ಬೆಕ್ಕುಗಳು ತಡವರಿಸುತ್ತಿದ್ದರೆ ಅದನ್ನೂ ಬರೆಯಿರಿ.