ಬೆಳಕು ಬಿದ್ದರೆ ಜಿಗಿಯುವ ಪ್ರೆಶರ್ ಸೆನ್ಸರ್: ಸರಿಯಾದದ್ದು ಹೀಗೆ

ಗಾಳಿಯ ಒತ್ತಡ ಅಳೆದು ಅದರಿಂದ ಎತ್ತರ ಲೆಕ್ಕ ಹಾಕಲು ಬಳಸುವ ಬಿಎಂಪಿ280 ಸೆನ್ಸರ್ ಮೇಜಿನ ಮೇಲೆ ಸುಮ್ನೆ ಇದ್ದರೂ ಎತ್ತರದ ಲೆಕ್ಕ ಆಗಾಗ ಕೆಲವು ಮೀಟರ್ ಜಿಗಿಯುತ್ತಿತ್ತು. ರಾತ್ರಿ ಮಾತ್ರ ಸ್ಥಿರ.

ಪವರ್ ಲೈನಿಗೆ ಕೆಪಾಸಿಟರ್ ಹಾಕಿದೆ, ವೈರ್ ಗಿಡ್ಡ ಮಾಡಿದೆ, ಬೇರೆ ಸೆನ್ಸರ್ ಹಾಕಿದೆ. ಏನೂ ಬದಲಾಗಲಿಲ್ಲ. ಸರಾಸರಿ ತೆಗೆದರೆ ಜಿಗಿತ ನಿಧಾನವಾಯಿತು, ಅಷ್ಟೇ.

ಕತ್ತಲೆಯಲ್ಲಿ ಸೆನ್ಸರಿನ ಪುಟ್ಟ ತೂತಿಗೆ ಟಾರ್ಚ್ ಬಿಟ್ಟಾಗ ಗುಟ್ಟು ಸಿಕ್ಕಿತು. ರೀಡಿಂಗ್ ತಕ್ಷಣ ಹಾರಿತು. ಒಳಗಿರುವುದು ತೆಳುವಾದ ಸಿಲಿಕಾನ್ ಪೊರೆ. ಒತ್ತಡಕ್ಕೆ ಅದು ಬಾಗಿದಾಗ ಅದರೊಳಗಿನ ರೆಸಿಸ್ಟರ್‌ಗಳ ರೋಧ ಬದಲಾಗುತ್ತದೆ. ಬ್ರಿಡ್ಜ್ ಸರ್ಕ್ಯೂಟ್ ಅದನ್ನು ವೋಲ್ಟೇಜ್ ಮಾಡುತ್ತದೆ, ಮಿಲಿವೋಲ್ಟ್‌ಗಳ ಲೆಕ್ಕದಲ್ಲಿ. ಆದರೆ ಸೋಲಾರ್ ಸೆಲ್ ಕೂಡ ಸಿಲಿಕಾನೇ ಅಲ್ವಾ? ಬೆಳಕು ಬಿದ್ದರೆ ಇಲ್ಲೂ ಕರೆಂಟ್ ಹುಟ್ಟಿ ಆ ಪುಟ್ಟ ವೋಲ್ಟೇಜನ್ನು ಕೆಡಿಸುತ್ತದೆ. ಒತ್ತಡದ ರೀಡಿಂಗ್ 1 ಹೆಕ್ಟೊಪ್ಯಾಸ್ಕಲ್ ತಪ್ಪಿದರೆ ಸಮುದ್ರಮಟ್ಟದ ಹತ್ತಿರ ಎತ್ತರದಲ್ಲಿ ಸುಮಾರು 8 ಮೀಟರ್ ವ್ಯತ್ಯಾಸ!

ತೂತಿಗೆ ಟೇಪ್ ಅಂಟಿಸಬೇಡಿ. ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಯಾದಂತೆ ಒತ್ತಡ ಏರುತ್ತದೆ. ಗಾಳಿಯಾಡುವ ದಪ್ಪ ಕಪ್ಪು ಫೋಮ್ ತುಂಡು ಸೆನ್ಸರ್ ಪೂರ್ತಿ ಮುಚ್ಚುವಂತೆ ಇಡಿ, ಒತ್ತಬೇಡಿ. ಫೋಮ್ ಗಾಳಿಯ ಹೊಡೆತವನ್ನೂ ತಡೆಯುತ್ತದೆ.

ಆಮೇಲೆ ಸೆಟ್ಟಿಂಗ್. ಕ್ರಮ ಮುಖ್ಯ: ಮೊದಲು ಸ್ಲೀಪ್ ಮೋಡ್ (ಅಳತೆ ನಿಂತ ಸ್ಥಿತಿ). ಅಲ್ಲಿದ್ದಾಗಲೇ ಫಿಲ್ಟರ್ (ರೀಡಿಂಗಿನ ಏರಿಳಿತ ಮೆತ್ತಗೆ ಮಾಡುವುದು) 16, ಸ್ಟ್ಯಾಂಡ್‌ಬೈ (ಎರಡು ಅಳತೆಗಳ ನಡುವಿನ ಬಿಡುವು) 0.5 ಮಿಲಿಸೆಕೆಂಡ್. ಕೊನೆಗೆ ಪ್ರೆಶರ್ ಓವರ್‌ಸ್ಯಾಂಪ್ಲಿಂಗ್ (ಒಂದು ರೀಡಿಂಗಿಗೆ ಎಷ್ಟು ಸಲ ಅಳೆಯಬೇಕು ಎಂಬುದು) 16, ತಾಪಮಾನದ್ದು 2, ನಾರ್ಮಲ್ ಮೋಡ್ (ತಾನಾಗಿಯೇ ಅಳೆಯುತ್ತಿರುವ ಸ್ಥಿತಿ). ನಾರ್ಮಲ್ ಮೋಡ್‌ನಲ್ಲಿ ಫಿಲ್ಟರ್ ಬರೆದರೆ ಚಿಪ್ ಅದನ್ನು ಕಡೆಗಣಿಸಬಹುದು. ಓದುವಾಗ ತಾಪಮಾನದ ಲೆಕ್ಕ ಮೊದಲು ಮಾಡಿ, ಒತ್ತಡದ ತಿದ್ದುಪಡಿಗೆ ಅದೇ ಬೇಕು.