ಹೊಳೆಬದಿಯ ನಿಮ್ಮೂರಿನ ಚರಿತ್ರೆ ಬರೆಯುವುದು ಹೇಗೆ?

ಊರಿನ ಚರಿತ್ರೆ ಬರೆಯಲು ಕೂತವರಲ್ಲಿ ಜಾಸ್ತಿ ಮಂದಿ ಮೊದಲ ಪುಟದಲ್ಲೇ ರಾಜರ ಹಿಂದೆ ಹೋಗುತ್ತಾರೆ. ಆಳುಪರು, ಕೆಳದಿಯವರು, ಟಿಪ್ಪು, ಆಮೇಲೆ ಕಂಪೆನಿ. ಅದು ಬೇಡ ಎಂದಲ್ಲ. ಆದರೆ ಚಂದ್ರಗಿರಿ ಕೋಟೆಯ ಕಥೆ ಇಡೀ ಕಾಸರಗೋಡಿಗೆ ಗೊತ್ತು, ನಿಮ್ಮ ಕಡವಿನಲ್ಲಿ, ಅಂದರೆ ಹೊಳೆ ದಾಟುವ ಜಾಗದಲ್ಲಿ, ದೋಣಿ ನಡೆಸುತ್ತಿದ್ದವರು ಯಾರು ಎಂಬುದು ಊರಿನ ನಾಲ್ಕು ಮಂದಿಗೆ ಮಾತ್ರ ಗೊತ್ತು. ಪಯಸ್ವಿನಿ ಇರಲಿ, ಶಿರಿಯ ಇರಲಿ, ಮಧುವಾಹಿನಿ ಇರಲಿ, ಹೊಳೆಯಿಂದಲೇ ಶುರು ಮಾಡಿ.

ಮೊದಲು ಕಡವು. ದೋಣಿ ಯಾರದ್ದು, ಕೂಲಿ ದುಡ್ಡಲ್ಲೋ ಭತ್ತದಲ್ಲೋ, ಮಳೆಗಾಲದಲ್ಲಿ ಆಚೆ ದಡದ ಮಕ್ಕಳು ಶಾಲೆಗೆ ಏನು ಮಾಡುತ್ತಿದ್ದರು, ಬಾಣಂತಿಯನ್ನು ಹೇಗೆ ದಾಟಿಸಿದರು. ನಿಮ್ಮಲ್ಲಿ ತೂಗುಸೇತುವೆ ಇದ್ದರೆ ಅದಕ್ಕೆ ಒಂದು ಪುಟ ಕೊಡಿ. ಇದೇ ಪಯಸ್ವಿನಿಗೆ ಮೇಲೆ ಸುಳ್ಯದ ಅರಂಬೂರಿನಲ್ಲಿ ಎಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದ್ದು.

ಆಮೇಲೆ ಕಟ್ಟ, ಅಂದರೆ ಹೊಳೆಗೆ ಅಡ್ಡವಾಗಿ ವರ್ಷವರ್ಷ ಹಾಕುವ ಒಡ್ಡು. ಇಲ್ಲಿ ಅವಸರ ಬೇಡ, ಯಾಕೆಂದರೆ ನಮ್ಮ ಕಡೆಯ ಊರುಗಳು ಒಗ್ಗಟ್ಟಾಗಿದ್ದದ್ದೂ ಜಗಳ ಆಡಿದ್ದೂ ಕಟ್ಟದ ಮೇಲೆಯೇ. ಮಳೆ ಬಿಟ್ಟು ಹೊಳೆಯ ಹರಿವು ಇಳಿದ ಮೇಲೆ ಕಾಡುಕಲ್ಲಿನ ಎರಡು ಸಾಲು ಇಟ್ಟು, ನಡುವೆ ಮಣ್ಣು ತುಂಬಿ, ತುಳಿದು ಗಟ್ಟಿ ಮಾಡಿ ನೀರು ನಿಲ್ಲಿಸುತ್ತಿದ್ದರು. ಆ ನೀರು ತೋಡಿನಲ್ಲಿ ಅಡಿಕೆ ತೋಟಕ್ಕೆ ಹೋಗುತ್ತಿತ್ತು. ಮಳೆಗಾಲದ ಮೊದಲ ನೆರೆಗೆ ಮಣ್ಣೆಲ್ಲ ಕೊಚ್ಚಿಹೋಗುತ್ತಿತ್ತು, ಬರುವ ವರ್ಷ ಮತ್ತೆ ಕಟ್ಟುವುದು. ಏಲ್ಕಾನ, ಏತಡ್ಕ ಕಡೆ ಇದನ್ನು ಈಗಲೂ ಬಲ್ಲವರಿದ್ದಾರೆ. ಯಾವ ಮನೆಯಿಂದ ಎಷ್ಟು ಆಳು, ಮಣ್ಣು ಯಾವ ಗುಡ್ಡೆಯದ್ದು, ನೀರಿನ ಸರದಿ ಹೇಗೆ, ಸರದಿ ತಪ್ಪಿಸಿದವನಿಗೆ ಏನು ಮಾಡಿದರು, ಎಲ್ಲ ಕೇಳಿ. ಕೊಳವೆಬಾವಿ ಬಂದ ಮೇಲೆ ಯಾರು ಮೊದಲು ಆಳು ಕಳಿಸುವುದು ನಿಲ್ಲಿಸಿದರು ಎಂದೂ ಕೇಳಿ, ಆದರೆ ಮೆಲ್ಲಗೆ. ಗುಡ್ಡೆ ಬದಿಯ ಮನೆಗಳಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗ ಇದ್ದರೆ ಅದನ್ನು ಕೊರೆದವರ ಹೆಸರೂ ಬೇಕು.

ಬೊಳ್ಳದ, ಅಂದರೆ ನೆರೆಯ, ಮಾತು ಬಂದಾಗ ಹಿರಿಯರ ಹತ್ತಿರ ಇಸವಿ ಕೇಳಬೇಡಿ. "ಅಜ್ಜ, ಬೊಳ್ಳ ಬಂದದ್ದು ಯಾವ ವರ್ಷ?" ಎಂದರೆ "ತುಂಬ ಹಿಂದೆ ಮಾರಾಯ" ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. "ನೀರು ಎಲ್ಲಿವರೆಗೆ ಬಂದಿತ್ತು?" ಎಂದು ಕೇಳಿ ನೋಡಿ. ಎದ್ದು ಅಂಗಳಕ್ಕೆ ಬಂದು, ಕೋಲಿನಲ್ಲಿ ಹಟ್ಟಿಯ ಗೋಡೆ ತೋರಿಸಿ, ದನ ಬಿಚ್ಚಿದ್ದು ಯಾರು ಎನ್ನುವವರೆಗೆ ಹೇಳುತ್ತಾರೆ. ವರ್ಷವನ್ನು ನೀವೇ ಹೊಂದಿಸಿಕೊಳ್ಳಬೇಕು. ದಕ್ಷಿಣ ಕನ್ನಡದವರು ಹೇಳುವ ಮಾರಿಬೊಳ್ಳ 1923ರದ್ದು. ಮಲಯಾಳಂ ಮನೆಗಳಲ್ಲಿ ತೊಂಬತ್ತೊಂಬತ್ತರ ನೆರೆ ಎಂದರೆ ಕೊಲ್ಲವರ್ಷ 1099, ಅಂದರೆ 1924ರ ಮಳೆಗಾಲ. ಎರಡನ್ನೂ ಒಂದೇ ಮಾಡಿ ಬರೆದುಬಿಟ್ಟರೆ ಮುಂದೆ ಓದುವವರಿಗೆಲ್ಲ ತಲೆನೋವು.

ಹಳೆಯ ಕಾಗದಗಳಲ್ಲೂ ಇದೇ ಗೊಂದಲ. ಸಂವತ್ಸರ ಮಾತ್ರ ಬರೆದಿರುತ್ತದೆ. ರುಧಿರೋದ್ಗಾರಿ ಎಂದರೆ 1923-24 ಆಗಬಹುದು, 60 ವರ್ಷ ಹಿಂದಿನದ್ದೂ ಆಗಬಹುದು. ಪತ್ರದಲ್ಲಿರುವ ಹೆಸರುಗಳು ಯಾರ ಅಜ್ಜನದ್ದು ಎಂದು ನೋಡಿ ತೀರ್ಮಾನಿಸಿ. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಧನಿ ಬಿಡಿಸಬಹುದಾದ ಗೇಣಿ) ಚೀಟಿಗಳು ಸಿಕ್ಕಿದರೆ ಬಿಡಬೇಡಿ. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಹೋಯಿತು. ಹೊಳೆಬದಿಯ ಗದ್ದೆ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ಅಲ್ಲಿಂದ ಈಚೆಗೆ ಪೂರ್ತಿ ಬೇರೆ ಕಥೆ. ಇದರಲ್ಲಿ ಧನಿಗಳ ಮನೆಯವರ ಮಾತು ಒಂದೇ ಕೇಳಿ ಬರೆದರೆ ಸುಮ್ನೆ ಕಾಗದ ದಂಡ, ಒಕ್ಕಲು ಮನೆಗೂ ಹೋಗಿ.

ಶಾಲೆಯ ಹಳೆಯ ಅಡ್ಮಿಶನ್ ರಿಜಿಸ್ಟರ್ ನೋಡಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಕೇಳಿ. ಮನೆ ಹೆಸರು, ತಂದೆಯ ಹೆಸರು, ಹೆಣ್ಣುಮಕ್ಕಳು ಬರತೊಡಗಿದ್ದು ಯಾವಾಗ, ಎಲ್ಲ ಅದರಲ್ಲಿ ಸಿಕ್ಕೀತು. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆಮೇಲೆ ಕೇರಳಕ್ಕೆ ಸೇರಿ ಕಣ್ಣೂರಿನ ಕೆಳಗೆ ಬಂತು, ಸ್ವಂತ ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಹಾಗಾಗಿ ಕಾಗದ ಹುಡುಕುವಾಗ ಮಂಗಳೂರು, ಕಣ್ಣೂರು ಎರಡೂ ನೆನಪಿರಲಿ. ಗಡಿಯ ಬಗ್ಗೆ ಭಾಷಣ ಬೇಡ. ರೇಶನ್ ಕಾರ್ಡು, ತೀರ್ವೆ (ಭೂಕಂದಾಯ) ರಶೀದಿ ಯಾವ ಭಾಷೆಯಲ್ಲಿ ಬರತೊಡಗಿತು, ಅದನ್ನು ಓದಿಸಲು ಯಾರ ಮನೆಗೆ ಹೋಗುತ್ತಿದ್ದರು ಎಂದು ಬರೆದರೆ ಸಾಕು.

ಒಂದೇ ಕಡವಿಗೆ ತುಳುವಿನಲ್ಲಿ ಒಂದು ಹೆಸರು, ಬ್ಯಾರಿಗಳಲ್ಲಿ ಇನ್ನೊಂದು, ಹವ್ಯಕರಲ್ಲಿ ಮತ್ತೊಂದು ಇರುತ್ತದೆ. ಎಲ್ಲವನ್ನೂ ಹಾಕಿ. ರೆಕಾರ್ಡ್ ಮಾಡುವ ಮೊದಲು ಕೇಳಿ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಮನೆಗಳಿದ್ದರೆ ಅವರು ಒಪ್ಪದೆ ಹೆಸರು, ಫೋಟೋ ಹಾಕಬೇಡಿ.

ಬರೆದದ್ದನ್ನು ಪ್ರೆಸ್ಸಿಗೆ ಕೊಡುವ ಮೊದಲು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಎರಡೂ ದಡದವರಿಗೆ ಒಂದೊಂದು ಪ್ರತಿ ಕೊಡಿ, ಜೊತೆಗೆ ಒಂದು ಕೆಂಪು ಪೆನ್ನು. ಜಾಸ್ತಿ ಕೆಂಪು ಬಿದ್ದ ಪುಟಕ್ಕೆ ಇನ್ನೊಮ್ಮೆ ಮನೆಮನೆಗೆ ಹೋಗಬೇಕಾಗುತ್ತದೆ, ಅದಕ್ಕೆ ಒಂದು ಬೇಸಿಗೆ ಇಟ್ಟುಕೊಂಡಿರಿ.