ಮಗುವಿನ ಹಲ್ಲು ಹುಳುಕಾಗಿದೆಯಾ? ಕೊಡಗಿಗೆ ಹೊಸದಾಗಿ ಬಂದವರಿಗೆ

ಹಾಲುಹಲ್ಲು ತಾನೆ, ಹೇಗೂ ಬೀಳುತ್ತೆ ಅಂತ ದಯವಿಟ್ಟು ಬಿಡಬೇಡಿ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ, ಆದರೆ ಹಿಂದಿನ ದವಡೆಯ ಹಾಲುಹಲ್ಲು 10ರಿಂದ 12 ವರ್ಷದ ತನಕ ಇರಬೇಕು. ಮೊದಲೇ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿಕೊಂಡು, ಆಮೇಲೆ ಬರುವ ಹಲ್ಲು ಸೊಟ್ಟಗೆ ಬರಬಹುದು. ಜೊತೆಗೆ 6 ವರ್ಷದ ಹೊತ್ತಿಗೆ, ಯಾವ ಹಲ್ಲೂ ಬೀಳದೆ, ಎಲ್ಲದರ ಹಿಂದೆ ಒಂದು ಹೊಸ ದವಡೆ ಹಲ್ಲು ಬರುತ್ತದೆ. ತುಂಬಾ ಜನ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅದು ಕೊನೆತನಕ ಬೇಕಾದ ಹಲ್ಲು!

ಇಲ್ಲಿ ಇನ್ನೊಂದು ಕಾರಣವೂ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹಿಡಿದರೆ ಬಿಡುವುದಿಲ್ಲ, ತೋಟದೊಳಗಿನ ಮನೆಯಿಂದ ರಾತ್ರಿ ಹೊತ್ತು ಹಲ್ಲುನೋವಿನ ಮಗುವನ್ನು ಎತ್ತಿಕೊಂಡು ಹೊರಡುವುದು ಸುಲಭ ಅಲ್ಲ. ಕಪ್ಪು ಚುಕ್ಕೆ ಕಂಡರೆ ಮಳೆಗಾಲಕ್ಕೆ ಮುಂಚೆಯೇ ತೋರಿಸಿಬಿಡಿ.

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದಲ್ಲಿ ಖಾಸಗಿ ಕ್ಲಿನಿಕ್‌ಗಳಿವೆ. ವಿರಾಜಪೇಟೆ ಹತ್ತಿರದ ಮಗ್ಗುಲದಲ್ಲಿ ದಂತ ವೈದ್ಯಕೀಯ ಕಾಲೇಜು ಇದೆ. ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಜಾಸ್ತಿ. ಕಲಿಯುತ್ತಿರುವವರು ನೋಡುತ್ತಾರೆ, ಅವರ ಮೇಲೆ ಹಿರಿಯ ವೈದ್ಯರು ಇರುತ್ತಾರೆ, ಹಾಗಾಗಿ ಹೆದರಬೇಡಿ.

ಮೊದಲು ನೋಡುತ್ತಾರೆ, ಬೇಕಿದ್ದರೆ ಎಕ್ಸ್‌ರೇ. ಹುಳುಕು ಮೇಲ್ಮೇಲೆ ಇದ್ದರೆ ಎಷ್ಟೋ ಸಲ ಸೂಜಿಯೇ ಬೇಕಾಗುವುದಿಲ್ಲ. ಆಳ ಇದ್ದರೆ ಒಸಡಿಗೆ ಜೆಲ್ ಹಚ್ಚಿ, ಆಮೇಲೆ ಸೂಜಿ ಕೊಟ್ಟು ಮರಗಟ್ಟಿಸುತ್ತಾರೆ. ಕೆಟ್ಟ ಭಾಗ ಕೊರೆದು ತೆಗೆದು ಹಲ್ಲಿಗೆಂದೇ ಇರುವ ಸಿಮೆಂಟ್ ತುಂಬುತ್ತಾರೆ, ಇಲ್ಲವೇ ಹಲ್ಲಿನ ಬಣ್ಣದ ಕಾಂಪೊಸಿಟ್ ಹಾಕಿ ನೀಲಿ ಲೈಟ್ ಹಿಡಿದು ಗಟ್ಟಿ ಮಾಡುತ್ತಾರೆ. ಹುಳುಕು ನರಕ್ಕೆ ಹೋಗಿದ್ದರೆ ಬರೀ ಫಿಲ್ಲಿಂಗ್ ಸಾಲದು, ಬೇರಿಗೆ ಚಿಕಿತ್ಸೆ ಮಾಡಿ ಮೇಲೆ ಸ್ಟೀಲ್ ಕ್ಯಾಪ್ ಕೂರಿಸಬೇಕಾಗಬಹುದು. ತಡ ಮಾಡಿದಷ್ಟೂ ಕೆಲಸ ಹೆಚ್ಚು, ಖರ್ಚೂ ಹೆಚ್ಚು.

ಮಗುವಿಗೆ ಸುಳ್ಳು ಹೇಳಬೇಡಿ. "ಏನೂ ಆಗಲ್ಲ" ಅಂದು ಕರೆದುಕೊಂಡು ಹೋದರೆ ಎರಡನೇ ಸಲ ಅದು ಬಾಯಿಯೇ ತೆರೆಯುವುದಿಲ್ಲ. ತಂಟೆ ಮಾಡಿದಾಗ "ಡಾಕ್ಟರ್ ಹತ್ರ ಸೂಜಿ ಹಾಕಿಸ್ತೀನಿ ನೋಡು" ಅಂತ ಹೆದರಿಸುವುದಂತೂ ಬೇಡವೇ ಬೇಡ. "ಗುಂಯ್ ಅಂತ ಸದ್ದು ಬರುತ್ತೆ ಪುಟ್ಟಾ, ಬಾಯಿಗೆ ನೀರು ಬೀಳುತ್ತೆ, ಸಾಕು ಅನ್ನಿಸಿದ್ರೆ ಎಡಗೈ ಎತ್ತು" ಅನ್ನಿ, ಆ ಕೈಯನ್ನು ನೋಡುತ್ತಿರಿ ಅಂತ ಡಾಕ್ಟರಿಗೂ ಹೇಳಿಡಿ.

ಮುಗಿದ ಮೇಲಿನ ಎರಡು ಮೂರು ಗಂಟೆ ಬಹಳ ಜನ ಗಮನಿಸುವುದಿಲ್ಲ. ಸೂಜಿ ಕೊಟ್ಟಿದ್ದರೆ ತುಟಿ, ಕೆನ್ನೆ ಮರಗಟ್ಟಿರುತ್ತದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮಗು ಸುಮ್ನೆ ತುಟಿ ಅಗಿಯುತ್ತಾ ಇರುತ್ತದೆ, ನೋವು ಗೊತ್ತಾಗುವುದಿಲ್ಲ, ಮರುದಿನ ನೋಡಿದರೆ ತುಟಿ ಊದಿ ಒಳಗೆ ಬೆಳ್ಳಗೆ ಹುಣ್ಣಾಗಿರುತ್ತದೆ. ಮರಗಟ್ಟಿದ್ದು ಇಳಿಯುವ ತನಕ ಬಿಸಿ ಕಾಫಿ, ಹಾಲು, ತಿಂಡಿ ಯಾವುದೂ ಬೇಡ. ಅದಕ್ಕೇ ಬೆಳಿಗ್ಗೆ ತಿಂಡಿ ತಿನ್ನಿಸಿಯೇ ಕರೆದುಕೊಂಡು ಹೋಗಿ.

ಮುಖ ಊದಿ ಜ್ವರ ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ. ದಾರಿ ಗೊತ್ತಿಲ್ಲ, ಗಾಡಿ ಸಿಗುತ್ತಿಲ್ಲ ಅಂದರೆ ನಮ್ಮ ಸಂಘಕ್ಕೆ ಫೋನ್ ಮಾಡಿ, ಯಾರಾದರೂ ಜೊತೆಗೆ ಬರುತ್ತೇವೆ.